ನನ್ನ ಪುಟದಲ್ಲಿ ಯಾರ ಬೋರ್ಡು?

‘ಒಂದು ವೆಬ್‌ಸೈಟ್ ಮಾಡಿ, ಆ್ಯಡ್ ಹಾಕಿ, ನೀವು ನಿದ್ದೆ ಮಾಡ್ತಿದ್ರೂ ಅಕೌಂಟಿಗೆ ದುಡ್ಡು ಬೀಳ್ತಾ ಇರುತ್ತೆ’ ಎನ್ನುವ ರೀಲ್ಸ್ ನೋಡದವರು ನಮ್ಮ ಕ್ಲಾಸಿನಲ್ಲಿ ಯಾರೂ ಇರಲಿಕ್ಕಿಲ್ಲ. ಕೊನೆಯಲ್ಲೊಂದು ಲಿಂಕ್ ಇರುತ್ತದೆ, ಲಿಂಕಿನ ಹಿಂದೆ 999 ರೂಪಾಯಿಯ ಕೋರ್ಸ್ ಇರುತ್ತದೆ. ನಿದ್ದೆಯಲ್ಲಿ ದುಡ್ಡು ಬೀಳುತ್ತಿರುವುದು ಆ ಕೋರ್ಸ್ ಮಾರುವವರ ಅಕೌಂಟಿಗೇ ಇರಬೇಕು. ನಾನು ಕೋರ್ಸ್ ಕೊಳ್ಳಲಿಲ್ಲ. ವೆಬ್‌ಸೈಟ್ ಮೊದಲೇ ಇತ್ತು. ಕಳೆದ ಸೆಮಿಸ್ಟರ್ ರಜೆಯಲ್ಲಿ ಅದಕ್ಕೊಂದು ಆ್ಯಡ್ ಯೂನಿಟ್ ಜೋಡಿಸಿದೆ. ಆ ಕೆಲಸದಲ್ಲಿ ತಿಳಿದದ್ದನ್ನೂ, ಆಮೇಲೆ ಗೆಳೆಯನ ಜೊತೆ ಹತ್ತಿಕೊಂಡ ಒಂದು ವಾದವನ್ನೂ ಇಲ್ಲಿ ಬರೆಯುತ್ತಿದ್ದೇನೆ. ವಾದದಲ್ಲಿ ಯಾರು ಸರಿ ಎಂದು ನೀವೇ ಹೇಳಿ.

ನಮ್ಮ ಮನೆ ಕಾಮಾಕ್ಷಿಪಾಳ್ಯ, ಕಾಲೇಜು ಕೆಂಗೇರಿ ಕಡೆ. ವಿಜಯನಗರದವರೆಗೆ ಬಸ್ಸು, ಅಲ್ಲಿಂದ ಮೆಟ್ರೊ. 2021ರ ಆಗಸ್ಟ್‌ನಲ್ಲಿ ನೇರಳೆ ಮಾರ್ಗ ಕೆಂಗೇರಿವರೆಗೆ ಹೋಗದಿದ್ದರೆ ನನ್ನ ಬಿಇ ಅರ್ಧ ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲೇ ಮುಗಿಯುತ್ತಿತ್ತು. ಈ ದಾರಿಯಲ್ಲಿ ಓಡಾಡುವವರಿಗೆ ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್ ಎಂದರೆ ಏನೆಂದು ಹೇಳಬೇಕಿಲ್ಲ. ಕಂಬಕ್ಕೊಂದು ಕೋಚಿಂಗ್ ಸೆಂಟರ್, ಗಲ್ಲಿಗೊಂದು ಪಿಜಿ. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಎಸ್‌ಡಿಎ, ಗ್ರಾಮ ಆಡಳಿತಾಧಿಕಾರಿ ಎಂದು ಯಾವುದಾದರೂ ಒಂದು ಹುದ್ದೆಗಾಗಿ ರಾಯಚೂರಿನಿಂದ ಚಾಮರಾಜನಗರದವರೆಗಿನ ಹುಡುಗ ಹುಡುಗಿಯರು ಇಲ್ಲಿ ಬಂದು ಓದುತ್ತಾರೆ. ಹಂಪಿನಗರದ ಗ್ರಂಥಾಲಯದಲ್ಲಿ ಕುರ್ಚಿ ಸಿಗಬೇಕಾದರೆ ಬೆಳಿಗ್ಗೆ ಬೇಗ ಏಳಬೇಕು.

ಶಿರಾದಿಂದ ಬಂದ ನನ್ನ ದೊಡ್ಡಪ್ಪನ ಮಗಳೂ ಅವರಲ್ಲಿ ಒಬ್ಬಳು. ಅಕ್ಕನಿಗೆ ಇತಿಹಾಸ, ಸಂವಿಧಾನ ನೀರು ಕುಡಿದಷ್ಟು ಸಲೀಸು. ಮಾನಸಿಕ ಸಾಮರ್ಥ್ಯದ ಲೆಕ್ಕ ಬಂದರೆ ಮಾತ್ರ ಮುಖ ಬಾಡುತ್ತಿತ್ತು. ರೈಲು ಸೇತುವೆ ದಾಟುವ ಲೆಕ್ಕ, ನಲ್ಲಿ ತೊಟ್ಟಿ ತುಂಬುವ ಲೆಕ್ಕ, ಶೇಕಡಾವಾರು, ಎಲ್ಲವನ್ನೂ ಹಂತ ಹಂತವಾಗಿ ಕನ್ನಡದಲ್ಲಿ ಬರೆದು ವಾಟ್ಸ್‌ಆ್ಯಪಿನಲ್ಲಿ ಕಳಿಸುತ್ತಿದ್ದೆ. ಅವಳ ರೂಮ್‌ಮೇಟುಗಳು ಕೇಳಿದರು, ಅವರ ಊರಿನವರು ಕೇಳಿದರು. ಫೋನಿನಲ್ಲಿ ಕಳಿಸಿ ಕಳಿಸಿ ಸಾಕಾಗಿ ಎಲ್ಲವನ್ನೂ ಒಂದು ವೆಬ್‌ಸೈಟಿಗೆ ಹಾಕಿದೆ. ಹಳೆಯ ಅಕ್ಷರವಿನ್ಯಾಸಗಳಲ್ಲಿ ಟೈಪ್ ಮಾಡಿದ ನೋಟ್ಸು ಗೂಗಲ್ ಹುಡುಕಾಟಕ್ಕೆ ಸಿಗುವುದಿಲ್ಲ. ನಾನು ಎಲ್ಲವನ್ನೂ ಯೂನಿಕೋಡಿನಲ್ಲಿ ಬರೆದದ್ದರಿಂದ ಯಾರೋ ಎಲ್ಲಿಂದಲೋ ಹುಡುಕಿಕೊಂಡು ಬರತೊಡಗಿದರು. 2024ರ ಆಗಸ್ಟ್ 27ರ ಗೆಜೆಟೆಡ್ ಪ್ರೊಬೇಷನರಿ ಪೂರ್ವಭಾವಿ ಪರೀಕ್ಷೆ ನೆನಪಿರಬೇಕು. ಕನ್ನಡ ಅನುವಾದದ ದೋಷದ ಗಲಾಟೆಯಾಗಿ ಡಿಸೆಂಬರ್ 29ಕ್ಕೆ ಮರುಪರೀಕ್ಷೆ ನಡೆಯಿತು. ಕನ್ನಡದಲ್ಲಿ ಓದಿ ಕನ್ನಡದಲ್ಲೇ ಪರೀಕ್ಷೆ ಬರೆಯುವವರಿಗೆ ಅರ್ಥವಾಗುವ ಹಾಗೆ ಲೆಕ್ಕ ಬಿಡಿಸಿ ತೋರಿಸುವುದು ಸಣ್ಣ ಕೆಲಸವಲ್ಲ ಎಂದು ನನಗೆ ಖಾತ್ರಿಯಾದದ್ದು ಆಗ.

ಡೊಮೇನ್ ಹೆಸರಿಗೆ ವರ್ಷಕ್ಕೆ ಎಂಟುನೂರು ಚಿಲ್ಲರೆ. ಓದುವವರು ಹೆಚ್ಚಾದ ಮೇಲೆ ಹೋಸ್ಟಿಂಗಿಗೂ ದುಡ್ಡು ಬೇಕಾಯಿತು. ಅಪ್ಪನದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ‘ಜಾಹೀರಾತಿಂದಲೇ ನಿನ್ನ ಕಾಲೇಜು ಫೀಸು ಕಟ್ಟಿದ್ದು, ನೀನೂ ಅದರಿಂದಲೇ ನಿನ್ನ ಖರ್ಚು ನೋಡ್ಕೊ’ ಅಂದರು. ಹಾಗೆ ಶುರುವಾಯಿತು.

ಗೂಗಲ್‌ನ ಆ್ಯಡ್‌ಸೆನ್ಸ್ 2003ರ ಜೂನ್‌ನಲ್ಲಿ ಬಂದದ್ದು. ನಾನು ಹುಟ್ಟುವ ಮೊದಲು. 18 ತುಂಬಿದವರು ಅರ್ಜಿ ಹಾಕಬಹುದು. ವೆಬ್‌ಸೈಟಿನ ವಿಳಾಸ ಕೊಟ್ಟು, ಅವರು ಕೊಡುವ ಒಂದು ಸಾಲು ಕೋಡನ್ನು ಪುಟದ ಹೆಡ್ ಭಾಗದಲ್ಲಿ ಅಂಟಿಸಿ ಕಾಯಬೇಕು. ಪರಿಶೀಲನೆ ಕೆಲವು ದಿನಗಳಲ್ಲಿ ಮುಗಿಯಬಹುದು, ಎರಡು ನಾಲ್ಕು ವಾರವೂ ಹಿಡಿಯಬಹುದು. ಬೇರೆಯವರ ಬರಹ ಕದ್ದು ತುಂಬಿಸಿದ, ಅಥವಾ ನಾಲ್ಕೇ ಸಾಲಿರುವ ಪುಟಗಳಿಗೆ ಒಪ್ಪಿಗೆ ಸಿಗುವುದು ಕಷ್ಟ. ಒಪ್ಪಿಗೆಯಾದ ಮೇಲೆ ಎರಡು ದಾರಿ. ಒಂದು ‘ಆಟೊ ಆ್ಯಡ್ಸ್’. ಅದನ್ನು ಆನ್ ಮಾಡಿದರೆ ಎಲ್ಲೆಲ್ಲಿ ಜಾಹೀರಾತು ಬರಬೇಕೆಂದು ಗೂಗಲ್ಲೇ ನಿರ್ಧರಿಸುತ್ತದೆ. ಇನ್ನೊಂದು, ನಾವೇ ಆ್ಯಡ್ ಯೂನಿಟ್ ಮಾಡಿ ನಮಗೆ ಬೇಕಾದ ಕಡೆ ಇಡುವುದು. ನಾನು ಎರಡನೆಯದನ್ನೇ ಆರಿಸಿಕೊಂಡೆ. ನಮ್ಮ ಮನೆಯ ಗೋಡೆಗೆ ಎಲ್ಲಿ ಮೊಳೆ ಹೊಡೆಯಬೇಕೆಂದು ಬೇರೆಯವರನ್ನು ಯಾಕೆ ಕೇಳಬೇಕು?

ಡಿಸ್ಪ್ಲೇ ಆ್ಯಡ್ ಎನ್ನುವುದನ್ನು ಒತ್ತಿ, ಯೂನಿಟ್ಟಿಗೊಂದು ಹೆಸರು ಕೊಟ್ಟು, ಗಾತ್ರವನ್ನು ‘ರೆಸ್ಪಾನ್ಸಿವ್’ ಎಂದಿಟ್ಟರೆ ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ತಕ್ಕ ಹಾಗೆ ಹೊಂದಿಕೊಳ್ಳುತ್ತದೆ. ಹೆಸರನ್ನು ‘ಯೂನಿಟ್ ಒಂದು, ಯೂನಿಟ್ ಎರಡು’ ಎಂದು ಇಡಬೇಡಿ. ನನ್ನದರ ಹೆಸರು ‘ಉತ್ತರದ ಕೆಳಗೆ’. ಮುಂದೆ ನಾಲ್ಕು ಯೂನಿಟ್ ಆದಾಗ ವರದಿಯಲ್ಲಿ ಯಾವ ಜಾಗ ದುಡಿಯುತ್ತಿದೆ ಎಂದು ಗೊತ್ತಾಗಲು ಹೆಸರೇ ದಾರಿ. ಕೋಡು ಅಂಟಿಸಿದ ಕೂಡಲೇ ಏನೂ ಕಾಣುವುದಿಲ್ಲ. ಬಿಳಿ ಜಾಗ ಇರುತ್ತದೆ. ಕೆಲವು ನಿಮಿಷದಿಂದ ಒಂದು ಗಂಟೆವರೆಗೆ ಅದು ಸಹಜ. ಆ ಗಂಟೆಯಲ್ಲಿ ಕೋಡನ್ನು ಕಿತ್ತು ಮತ್ತೆ ಮತ್ತೆ ಅಂಟಿಸುತ್ತಾ ಕೂರುವ ಬದಲು ಒಂದು ಟೀ ಕುಡಿದು ಬನ್ನಿ. ಇನ್ನೊಂದು ಕೆಲಸ, ಆ್ಯಡ್ಸ್ ಡಾಟ್ ಟಿಎಕ್ಸ್‌ಟಿ ಎಂಬ ಸಣ್ಣ ಫೈಲನ್ನು ಸೈಟಿನ ಮೂಲ ಫೋಲ್ಡರಿನಲ್ಲಿ ಇಡುವುದು. ‘ಈ ಜಾಗದಲ್ಲಿ ಜಾಹೀರಾತು ಮಾರಲು ಇಂಥವರಿಗೆ ಮಾತ್ರ ನಾನು ಅನುಮತಿ ಕೊಟ್ಟಿದ್ದೇನೆ’ ಎನ್ನುವ ಒಂದೇ ಸಾಲಿನ ಘೋಷಣೆ ಅದು. ನಕಲಿ ಸೈಟುಗಳು ದೊಡ್ಡವರ ಹೆಸರಿನಲ್ಲಿ ಜಾಗ ಮಾರುತ್ತಿದ್ದುದನ್ನು ತಡೆಯಲು 2017ರಲ್ಲಿ ಈ ಪದ್ಧತಿ ಬಂತು.

ಇಷ್ಟು ಯಾರು ಬೇಕಾದರೂ ಮಾಡಬಹುದು. ಯೂನಿಟ್ಟನ್ನು ಎಲ್ಲಿಡಬೇಕು ಎನ್ನುವಲ್ಲಿ ತಲೆ ಓಡಿಸಬೇಕು. ನನ್ನ ಪುಟಗಳಲ್ಲಿ ಪ್ರಶ್ನೆ, ಬಿಡಿಸುವ ಹಂತಗಳು, ಉತ್ತರ, ಕೊನೆಗೆ ಪಿಡಿಎಫ್ ಇಳಿಸಿಕೊಳ್ಳುವ ಗುಂಡಿ ಇದೆ. ಗೆಳೆಯನ ಸಲಹೆ: ‘ಪಿಡಿಎಫ್ ಗುಂಡಿಯ ಪಕ್ಕದಲ್ಲೇ ಹಾಕೋ, ಎಲ್ಲರೂ ಒತ್ತುತ್ತಾರೆ.’ ಒತ್ತುತ್ತಾರೆ, ನಿಜ. ಅವರು ಒತ್ತುವುದು ಪಿಡಿಎಫ್ ಎಂದುಕೊಂಡು. ಆ್ಯಡ್‌ಸೆನ್ಸ್ ನಿಯಮದಲ್ಲೇ ಅದಕ್ಕೆ ಅವಕಾಶವಿಲ್ಲ. ಓದುಗ ಮೋಸಹೋಗುವ ಜಾಗದಲ್ಲಿ ಜಾಹೀರಾತು ಇಡಬಾರದು. ನಿಯಮ ಇರದಿದ್ದರೂ ನಾನು ಇಡುತ್ತಿರಲಿಲ್ಲ. ಕಾರಣ ಅಕ್ಕ. ಎರಡು ವರ್ಷದ ಹಿಂದೆ ಯಾವುದೋ ಜಾಲತಾಣದಲ್ಲಿ ಹಳೆಯ ಪ್ರಶ್ನೆಪತ್ರಿಕೆ ಇಳಿಸಿಕೊಳ್ಳಲು ಹೋಗಿ ಗುಂಡಿಯ ಹಾಗೇ ಕಾಣುತ್ತಿದ್ದ ಜಾಹೀರಾತನ್ನು ಒತ್ತಿದ್ದಳು. ‘ನೇರ ನೇಮಕಾತಿ, ನೋಂದಣಿ ಶುಲ್ಕ 1,850 ರೂಪಾಯಿ’ ಎಂಬ ಪುಟ ತೆರೆದುಕೊಂಡಿತು. ಸರ್ಕಾರಿ ಲಾಂಛನದಂಥದ್ದೂ ಇತ್ತು. ಪಿಜಿಯ ಬಾಡಿಗೆಗೆಂದು ಊರಿಂದ ಬಂದಿದ್ದ ದುಡ್ಡಿನಲ್ಲಿ ಕಟ್ಟಿಬಿಟ್ಟಳು. ಹೋದದ್ದು ಹೋಯಿತು. ಎರಡು ವರ್ಷ ಅಧಿಸೂಚನೆಗೆ ಕಾದು ಕೂತವರ ಮುಂದೆ ‘ನೇರ ನೇಮಕಾತಿ’ ಎಂದು ಬರೆದು ತೋರಿಸಿದರೆ ಎಷ್ಟು ಬುದ್ಧಿವಂತರಾದರೂ ಬೆರಳು ಮುಂದೆ ಹೋಗುತ್ತದೆ. ನನ್ನ ಓದುಗರೆಲ್ಲ ಅಂಥವರೇ.

ಆದ್ದರಿಂದ ನನ್ನ ಏಕೈಕ ಯೂನಿಟ್ ಉತ್ತರ ಪೂರ್ತಿ ಮುಗಿದ ಮೇಲೆ, ಗುಂಡಿಗಿಂತ ದೂರ ಇದೆ, ಮೇಲೆ ‘ಜಾಹೀರಾತು’ ಎಂದು ಕನ್ನಡದಲ್ಲಿ ಬರೆದಿದೆ. ಇಂಜಿನಿಯರಿಂಗ್ ಓದುವವರಿಗೆ ಒಂದು ಸಣ್ಣ ತಾಂತ್ರಿಕ ಮಾತು: ಜಾಹೀರಾತಿನ ಜಾಗಕ್ಕೆ ಕನಿಷ್ಠ ಎತ್ತರವನ್ನು ಸಿಎಸ್‌ಎಸ್‌ನಲ್ಲಿ ಮೊದಲೇ ಕೊಟ್ಟುಬಿಡಿ. ಇಲ್ಲದಿದ್ದರೆ ಪುಟ ಓದುತ್ತಿರುವಾಗಲೇ ಜಾಹೀರಾತು ತಡವಾಗಿ ಬಂದು ಅಕ್ಷರಗಳನ್ನು ಕೆಳಗೆ ತಳ್ಳುತ್ತದೆ, ಬೆರಳು ಇಡಬೇಕೆಂದಿದ್ದ ಜಾಗಕ್ಕೆ ಜಾಹೀರಾತು ಬಂದು ಕೂರುತ್ತದೆ. ಹಳೆಯ ಫೋನು, ಸಣ್ಣ ಡೇಟಾ ಪ್ಯಾಕ್ ಇರುವವರಿಗೆ ಇದು ಹೆಚ್ಚು. ಆಕಸ್ಮಿಕ ಕ್ಲಿಕ್ಕುಗಳ ದುಡ್ಡನ್ನು ಗೂಗಲ್ ಹೇಗಿದ್ದರೂ ಕಡಿತ ಮಾಡುತ್ತದೆ.

ನಿಮ್ಮ ಜಾಹೀರಾತನ್ನು ನೀವೇ ಒತ್ತಬಾರದು, ಬೇರೆಯವರಿಗೆ ಒತ್ತಿ ಎನ್ನಲೂಬಾರದು. ನನಗೆ ಗೊತ್ತಿರುವ ಹಾಸ್ಟೆಲ್ ಹುಡುಗನೊಬ್ಬ ಇಡೀ ಫ್ಲೋರಿನವರಿಗೆ ಸಮೋಸಾ ಕೊಡಿಸಿ ಕ್ಲಿಕ್ ಮಾಡಿಸಿದ. ಒಂದೇ ವೈಫೈನಿಂದ ಒಂದೇ ಸಂಜೆ ಅಷ್ಟು ಕ್ಲಿಕ್! ಖಾತೆ ಮುಚ್ಚಿತು. ಸಮೋಸಾದ ಖರ್ಚು ಮೈಮೇಲೆ.

ಈಗ ದುಡ್ಡಿನ ಲೆಕ್ಕ. ಒಬ್ಬರು ಪುಟ ತೆರೆದ ಕೂಡಲೇ, ಕಣ್ಣು ಮಿಟುಕಿಸುವುದರೊಳಗೆ, ಆ ಜಾಗಕ್ಕೆ ಹರಾಜು ನಡೆಯುತ್ತದೆ. ಯಶವಂತಪುರ ಎಪಿಎಂಸಿ ಯಾರ್ಡಿನಲ್ಲಿ ಈರುಳ್ಳಿ ಮೂಟೆಗೆ ಕೂಗುವ ಹಾಗೆ. ಇಲ್ಲಿ ಕೂಗುವುದು ಕಂಪ್ಯೂಟರುಗಳು. ಗೆದ್ದವರ ಜಾಹೀರಾತು ಕಾಣುತ್ತದೆ. ಮೊದಲು ಮುಖ್ಯವಾಗಿ ಕ್ಲಿಕ್ಕಿಗೆ ದುಡ್ಡು ಕೊಡುತ್ತಿದ್ದರು, 2024ರಿಂದ ಜಾಹೀರಾತು ಕಂಡದ್ದಕ್ಕೆ ಕೊಡುವ ಪದ್ಧತಿಗೆ ಬದಲಾಯಿಸಿದ್ದಾರೆ. ಗೂಗಲ್ ಜಾಹೀರಾತುದಾರರು ಕೊಟ್ಟ ನೂರರಲ್ಲಿ ಸುಮಾರು 68 ನಮಗೆ. ಕೇಳಲು ಚೆನ್ನಾಗಿದೆ, ಆದರೆ ನೂರು ಏನು ಎಂಬುದು ಮುಖ್ಯ. ನನ್ನ ಮೊದಲ ದಿನದ ಗಳಿಕೆ 3 ಸೆಂಟ್ಸ್. ಮೊದಲ ತಿಂಗಳು 1 ಡಾಲರ್ 84 ಸೆಂಟ್ಸ್. ಖಾತೆಯಲ್ಲಿ 100 ಡಾಲರ್ ಸೇರಿದ ಮೇಲಷ್ಟೇ ದುಡ್ಡು ಬ್ಯಾಂಕಿಗೆ ಬರುವುದು. ಇದೇ ವೇಗದಲ್ಲಿ ಹೋದರೆ ನಾಲ್ಕೂವರೆ ವರ್ಷ. ನನ್ನ ಬಿಇ ಮುಗಿದು, ಕೆಲಸ ಸಿಕ್ಕು, ಆ ಕೆಲಸ ಬಿಟ್ಟಿರಲೂಬಹುದು. ದೊಡ್ಡ ಪರೀಕ್ಷೆ ಹತ್ತಿರವಿದ್ದ ತಿಂಗಳು 4 ಡಾಲರ್ ದಾಟಿತು, ಮತ್ತೆ ಇಳಿಯಿತು.

ನಾಲ್ಕನೇ ತಿಂಗಳಿಗೆ 10 ಡಾಲರ್ ಆದಾಗ ವಿಳಾಸ ದೃಢೀಕರಣದ ಪಿನ್ ಅಂಚೆಯಲ್ಲಿ ಬಂತು. ಬರಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ನಾಲ್ಕು ತಿಂಗಳೊಳಗೆ ಆ ಸಂಖ್ಯೆ ನಮೂದಿಸದಿದ್ದರೆ ಜಾಹೀರಾತು ನಿಲ್ಲುತ್ತದೆ. ನಮ್ಮ ಪಶ್ಚಿಮ ಬೆಂಗಳೂರಿನವರಿಗೆ ವಿಶೇಷ ಸೂಚನೆ: ‘3ನೇ ಮೇನ್, 5ನೇ ಕ್ರಾಸ್, ಬಸವೇಶ್ವರನಗರ’ ಎಂದಷ್ಟೇ ಬರೆದರೆ ಪೋಸ್ಟ್‌ಮ್ಯಾನ್ ಯಾವ ಸ್ಟೇಜು, ಯಾವ ಬ್ಲಾಕು ಎಂದು ಹುಡುಕಿಕೊಂಡು ಹೋಗಬೇಕು? ಸ್ಟೇಜು, ಹತ್ತಿರದ ಗುರುತು, ಪಿನ್‌ಕೋಡ್ ಎಲ್ಲ ಬರೆಯಿರಿ. ದುಡ್ಡು ವಿದೇಶದಿಂದ ಬರುವುದರಿಂದ ಬ್ಯಾಂಕಿನ ಸ್ವಿಫ್ಟ್ ಕೋಡ್ ಬೇಕು. ಎಲ್ಲ ಶಾಖೆಗಳಿಗೂ ಅದು ಇರುವುದಿಲ್ಲ, ನಿಮ್ಮ ಶಾಖೆಯವರು ಯಾವುದನ್ನು ಬಳಸುತ್ತಾರೆಂದು ಹೋಗಿ ಕೇಳಿ. 100 ಡಾಲರ್ ಮುಟ್ಟಿದ್ದರೆ, ಒಂದು ತಿಂಗಳ ಲೆಕ್ಕ ಮುಂದಿನ ತಿಂಗಳ 21ರಿಂದ 26ರೊಳಗೆ ರವಾನೆಯಾಗುತ್ತದೆ.

ಕನ್ನಡ ಪುಟಕ್ಕೆ ಯಾಕಿಷ್ಟು ಕಡಿಮೆ? ಆ್ಯಡ್‌ಸೆನ್ಸ್ ಹಿಂದಿಗೆ 2014ರ ಕೊನೆಯಲ್ಲಿ, ತಮಿಳಿಗೆ 2018ರ ಆರಂಭದಲ್ಲಿ ತೆರೆದುಕೊಂಡಿತು. ಕನ್ನಡದ ಸರದಿ ಆಮೇಲೆ. ಈಗ ಬಾಗಿಲು ತೆರೆದಿದೆ, ಆದರೆ ಹರಾಜಿನಲ್ಲಿ ಕೂಗುವವರು ಕಡಿಮೆ. ಅಂಗಡಿ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದುಪಡಿಯಾಯಿತು, ಅದಕ್ಕಾಗಿ ಬೀದಿಯಲ್ಲಿ ಹೋರಾಟವೂ ನಡೆಯಿತು. ಒಳ್ಳೆಯದೇ. ಆದರೆ ಅದೇ ಬೋರ್ಡಿನ ಕೆಳಗೆ ನಿಂತು ಫೋನು ನೋಡುವ ಹುಡುಗಿ ಓದುತ್ತಿರುವ ಅಚ್ಚಗನ್ನಡ ಪುಟದಲ್ಲಿ ಬರುವ ಜಾಹೀರಾತು ಬಹುತೇಕ ಇಂಗ್ಲಿಷು. ಕನ್ನಡದಲ್ಲೇ ಪಾಠ ಮಾಡಿ ಫೀಸು ಪಡೆಯುವವರೂ ಅಂತರ್ಜಾಲದಲ್ಲಿ ಕನ್ನಡದ ಜಾಹೀರಾತಿಗೆ ಕೈ ಬಿಚ್ಚುವುದಿಲ್ಲ. ಬೋರ್ಡಿಗೆ ಕಾನೂನು ಮಾಡಬಹುದು, ಹರಾಜಿಗೆ ಮಾಡಲಾಗದು. ವ್ಯಾಪಾರಿಗಳೇ ಮನಸ್ಸು ಮಾಡಬೇಕು.

‘ಹಾಗಾದರೆ ಜಾಹೀರಾತೇ ಯಾಕೆ, ಜ್ಞಾನ ಉಚಿತವಾಗಿರಲಿ’ ಎಂದಳು ನಮ್ಮ ಜೂನಿಯರ್ ಒಬ್ಬಳು. ಮಾತಿನಲ್ಲಿ ತೂಕವಿದೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಇವತ್ತಿಗೂ ಒಂದು ಜಾಹೀರಾತಿಲ್ಲ. ವಿ. ಕೃಷ್ಣ ಅವರು ನಾಲ್ಕು ದಶಕ ಕೂತು ಕಟ್ಟಿದ ಒಂದೂವರೆ ಲಕ್ಷ ಪದಗಳ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು 2019ರಿಂದ ಎಲ್ಲರಿಗೂ ಮುಕ್ತವಾಗಿದೆ. ನನ್ನ ಪುಟಗಳೂ ಉಚಿತವೇ. ಆದರೆ ವಿಕಿಪೀಡಿಯದ ಹಿಂದೆ ಜಗತ್ತಿನ ದೇಣಿಗೆ ಇದೆ. ನನ್ನ ಹಿಂದೆ ಇರುವುದು ಅಪ್ಪನ ಅಂಗಡಿ. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಚಾಟಿ ಬೀಸಿ, ಪಾಲಿಕೆ ಊರಿನ ಫ್ಲೆಕ್ಸುಗಳನ್ನೆಲ್ಲ ಕಿತ್ತ ಮೇಲೆ ಆ ಅಂಗಡಿ ಮೊದಲಿನ ಹಾಗಿಲ್ಲ. ಓದುಗರಿಂದ ದುಡ್ಡು ಪಡೆಯದೆ ಪುಟ ಉಳಿಸಿಕೊಳ್ಳಲು ಜಾಹೀರಾತು ತಪ್ಪಲ್ಲ ಎಂದೇ ನನ್ನ ಅಭಿಪ್ರಾಯ. ಯಾರ ಜಾಹೀರಾತು ಎಂಬುದಷ್ಟೇ ಪ್ರಶ್ನೆ.

ಅದನ್ನು ನಿಯಂತ್ರಿಸಲು ಸಾಧ್ಯವಿದೆ, ಅನೇಕರು ಆ ಪುಟವನ್ನು ತೆರೆದೇ ನೋಡುವುದಿಲ್ಲ. ಆ್ಯಡ್‌ಸೆನ್ಸ್ ಖಾತೆಯ ಬ್ಲಾಕಿಂಗ್ ವಿಭಾಗದಲ್ಲಿ ಸೂಕ್ಷ್ಮ ವರ್ಗಗಳ ಪಟ್ಟಿ ಇದೆ. ದಿಢೀರ್ ಶ್ರೀಮಂತಿಕೆಯ ಯೋಜನೆಗಳು, ಜ್ಯೋತಿಷ್ಯ ಮತ್ತು ಮಾಟಮಂತ್ರ, ಕ್ಯಾಸಿನೊ ಮಾದರಿ ಆಟಗಳು, ತೂಕ ಇಳಿಸುವ ಮದ್ದು, ಇವನ್ನೆಲ್ಲ ಒಂದೊಂದೇ ಗುಂಡಿ ಒತ್ತಿ ನಿಲ್ಲಿಸಬಹುದು. ಬಂದ ಜಾಹೀರಾತುಗಳನ್ನು ಒಂದೊಂದಾಗಿ ನೋಡಿ ತಡೆಯಲೂ ಜಾಗವಿದೆ; ಯಾವುದೋ ಒಂದು ವೆಬ್‌ಸೈಟಿನ ವಿಳಾಸ ಕೊಟ್ಟು ಅದರ ಜಾಹೀರಾತೇ ಬರದಂತೆ ಮಾಡಬಹುದು. ದುಡ್ಡು ಹಾಕಿ ಆಡುವ ಆನ್‌ಲೈನ್ ಆಟಗಳ ಜಾಹೀರಾತನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿಯೇ ನಿಷೇಧಿಸಿತು. ಅದಕ್ಕೂ ಮೊದಲು ಅಂಥವು ಎಷ್ಟು ಫೋನುಗಳಲ್ಲಿ ಕುಣಿಯುತ್ತಿದ್ದವು ಎಂದು ಪಿಜಿಗಳಲ್ಲಿ ಇದ್ದವರಿಗೆ ಗೊತ್ತು. ನಾನು ವಾರಕ್ಕೊಮ್ಮೆ, ಭಾನುವಾರ ರಾತ್ರಿ ಅರ್ಧ ಗಂಟೆ, ಈ ಕಸ ಗುಡಿಸುತ್ತೇನೆ. ಗಳಿಕೆ ಸ್ವಲ್ಪ ಇಳಿಯುತ್ತದೆ.

ಅಪ್ಪನ ಬಳಿ ಇದಕ್ಕೊಂದು ಹಳೆಯ ಪದ್ಧತಿ ಇದೆ. ಚುನಾವಣಾ ಕರಪತ್ರದಲ್ಲಿ ಮುದ್ರಕರ ಹೆಸರು, ವಿಳಾಸ ಇರಲೇಬೇಕೆಂದು 1951ರ ಪ್ರಜಾಪ್ರತಿನಿಧಿ ಕಾಯ್ದೆ ಹೇಳುತ್ತದೆ. ಅಪ್ಪ ಅದನ್ನು ಹೋಳಿಗೆ ಅಂಗಡಿಯ ಪಾಂಪ್ಲೆಟ್ಟಿಗೂ ಪಾಲಿಸುತ್ತಾರೆ. ಗಿರಾಕಿ ‘ನಿಮ್ಮ ಹೆಸರು ಬೇಡ’ ಎಂದರೆ ಆ ಕೆಲಸ ಒಪ್ಪುವುದಿಲ್ಲ.

ಇನ್ನು ಗೆಳೆಯನ ಜೊತೆಗಿನ ವಾದ. ಸೈಟಿಗೆ ಓದುಗರು ಬರುತ್ತಿದ್ದುದನ್ನು ನೋಡಿ ಕೋಚಿಂಗ್ ಸೆಂಟರೊಂದರ ಕಡೆಯವರು ಫೋನ್ ಮಾಡಿದರು. ತಿಂಗಳಿಗೆ 5,000 ರೂಪಾಯಿ, ಆರು ತಿಂಗಳಿಗೆ ಒಪ್ಪಂದ, ಪ್ರತಿ ಪುಟದ ತಲೆಯ ಮೇಲೆ ಅವರ ಬ್ಯಾನರ್. ಮೂವತ್ತು ಸಾವಿರ! ಎರಡು ಸೆಕೆಂಡು ನನಗೂ ತಲೆ ತಿರುಗಿತು. ಆಮೇಲೆ ಬ್ಯಾನರ್ ಕಳಿಸಿದರು. ‘ನೂರಕ್ಕೆ ನೂರು ಆಯ್ಕೆ ಖಚಿತ. ಇಂದೇ ಕೊನೆಯ ದಿನ.’ ಯಾವ ದಿನ ನೋಡಿದರೂ ಇಂದೇ ಕೊನೆಯ ದಿನ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್ 13ರಂದು ಕೋಚಿಂಗ್ ಜಾಹೀರಾತುಗಳಿಗೆಂದೇ ಮಾರ್ಗಸೂಚಿ ಹೊರಡಿಸಿದೆ. ನೂರಕ್ಕೆ ನೂರು ಆಯ್ಕೆ, ಕೆಲಸ ಖಾತ್ರಿ ಎನ್ನುವಂತಿಲ್ಲ; ಸುಳ್ಳು ಅವಸರ ಹುಟ್ಟಿಸುವಂತಿಲ್ಲ; ಪಾಸಾದವರ ಒಪ್ಪಿಗೆಯಿಲ್ಲದೆ ಅವರ ಫೋಟೊ ಹಾಕುವಂತಿಲ್ಲ. ಆ ಎರಡು ಸಾಲು ತೆಗೆದು, ಕೋರ್ಸಿನ ಹೆಸರು, ಅವಧಿ, ಫೀಸು ಮಾತ್ರ ಬರೆದು ಕಳಿಸಿ, ಉತ್ತರದ ಕೆಳಗೆ ಹಾಕುತ್ತೇನೆ ಎಂದೆ. ‘ಹಾಗೆ ಬರೆದರೆ ಯಾರು ಸೇರ್ತಾರೆ?’ ಎಂದು ನಕ್ಕು ಫೋನಿಟ್ಟರು.

ಗೆಳೆಯನ ವಾದ ಹೀಗಿದೆ: ‘ನೀನು ಹಾಕದಿದ್ದರೆ ಇನ್ನೊಬ್ಬ ಹಾಕುತ್ತಾನೆ. ಸುಳ್ಳು ಹೇಳುತ್ತಿರುವುದು ಅವರು, ನೀನಲ್ಲ. ಓದುವವರೇನು ಎಳೆ ಮಕ್ಕಳಾ? ಮೂವತ್ತು ಸಾವಿರದಲ್ಲಿ ಒಳ್ಳೆಯ ಸರ್ವರ್ ಹಾಕಿ ಇನ್ನೂ ನಾಲ್ಕು ಸಾವಿರ ಜನಕ್ಕೆ ಲೆಕ್ಕ ಹೇಳಿಕೊಡಬಹುದಿತ್ತು.’ ಕೊನೆಯ ಮಾತಿಗೆ ನನ್ನಲ್ಲಿ ಸುಲಭದ ಉತ್ತರವಿಲ್ಲ, ನಿಜಕ್ಕೂ ಕೊಡಬಹುದಿತ್ತು. ಆದರೆ ದಿನಪತ್ರಿಕೆಯ ವರ್ಗೀಕೃತ ಜಾಹೀರಾತಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ನನ್ನ ಪುಟಕ್ಕೆ ಬರುವವರು ಲೆಕ್ಕದ ಉತ್ತರ ಸರಿಯಿದೆಯೇ ಎಂದು ನೋಡಲು ಬರುತ್ತಾರೆ. ಮೇಲಿನಿಂದ ಕೆಳಗಿನವರೆಗೆ ಅಲ್ಲಿರುವುದೆಲ್ಲ ಸರಿ ಎಂದು ನಂಬಿಯೇ ಓದುತ್ತಾರೆ. ಶೇಕಡಾವಾರು ಹೇಳಿಕೊಡುವ ಪುಟದ ತಲೆಯ ಮೇಲೆ ‘ನೂರಕ್ಕೆ ನೂರು’ ಎಂಬ ಸುಳ್ಳು ಶೇಕಡಾವಾರು ತೂಗಿಹಾಕುವುದು ನಗೆಪಾಟಲು. ಅಲ್ಲದೆ ದಾರಿ ತಪ್ಪಿಸುವ ಜಾಹೀರಾತನ್ನು ಪ್ರಕಟಿಸುವವರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕೈಗೆ ಸಿಗಬಹುದು. ಇದನ್ನು ಹೇಳಿದಾಗ ಮಾತ್ರ ಗೆಳೆಯ ಸ್ವಲ್ಪ ಸುಮ್ಮನಾದ.

ಅಕ್ಕನ ಐಡಿಯಾ ಬೇರೆಯೇ ಇತ್ತು. ‘ಕಂಪನಿಗಳನ್ನು ಬಿಡು, ನಾವು ದಿನಾ ದುಡ್ಡು ಕೊಡೋದು ಯಾರಿಗೆ ಹೇಳು. ಮೆಸ್ಸಿಗೆ, ಜೆರಾಕ್ಸ್ ಅಂಗಡಿಗೆ.’ ಇಬ್ಬರೂ ಹಂಪಿನಗರದ ಜೆರಾಕ್ಸ್ ಅಂಗಡಿಗೆ ಹೋದೆವು. ಮಾಲೀಕರಿಗೆ ವೆಬ್‌ಸೈಟಿನಲ್ಲಿ ಆಸಕ್ತಿ ಇರಲಿಲ್ಲ. ತಮ್ಮ ಅಂಗಡಿಗೆ ಬರುವ ಹುಡುಗಿಯೊಬ್ಬಳು ಅದೇ ಪುಟದ ಪ್ರಿಂಟ್ ತೆಗೆಸುತ್ತಿದ್ದುದನ್ನು ನೋಡಿದ ಮೇಲೆ ಒಪ್ಪಿದರು. ತಿಂಗಳಿಗೆ 400 ರೂಪಾಯಿ. ಸರಳವಾದ ಒಂದು ಚಿತ್ರ, ಮೇಲೆ ‘ಜಾಹೀರಾತು’ ಎಂಬ ಪದ, ಪುಟವೊಂದಕ್ಕೆ ಎಷ್ಟು, ಸ್ಪೈರಲ್ ಬೈಂಡಿಂಗಿಗೆ ಎಷ್ಟು, ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತದೆ, ಅಷ್ಟೇ. ಇದಕ್ಕೆ ಆ್ಯಡ್‌ಸೆನ್ಸ್ ಬೇಕಿಲ್ಲ, ನಾಲ್ಕು ಸಾಲಿನ ಎಚ್‌ಟಿಎಂಎಲ್ ಸಾಕು. ಎರಡೂ ಒಂದೇ ಸೈಟಿನಲ್ಲಿ ಇರಬಹುದು. ನನ್ನ ಮೊದಲ ಎರಡು ತಿಂಗಳ ಡಾಲರುಗಳನ್ನು ಕೂಡಿದರೂ ಈ ಒಂದು ತಿಂಗಳ 400ಕ್ಕೆ ಸಮವಾಗುವುದಿಲ್ಲ, ಮೇಲಾಗಿ 100 ಡಾಲರ್ ಆಗುವವರೆಗೆ ಕಾಯಬೇಕಿಲ್ಲ. ಒಂದನೇ ತಾರೀಖು ಯುಪಿಐನಲ್ಲಿ ಟಣ್ ಎಂದು ಬೀಳುತ್ತದೆ.

ಕಳೆದ ವಾರ ಮಾಲೀಕರು ಫೋನ್ ಮಾಡಿದ್ದರು. ‘ಬಣ್ಣದ ಪ್ರಿಂಟಿನ ರೇಟು ಎರಡು ರೂಪಾಯಿ ಜಾಸ್ತಿ ಆಗಿದೆಯಪ್ಪಾ, ಹಳೇ ರೇಟು ನೋಡ್ಕೊಂಡು ಬಂದು ಹುಡುಗರು ಜಗಳ ಆಡ್ತಾರೆ, ಇವತ್ತೇ ಬದಲಾಯಿಸು’ ಅಂದರು. ಇಂಟರ್ನಲ್ಸ್ ಮುಗಿಸಿ ಕೆಂಗೇರಿಯಿಂದ ಬರುವ ಮೆಟ್ರೊದಲ್ಲೇ ಬದಲಾಯಿಸಿದೆ.